ತಾಂಜಾನಿಯಾದ ಮಳೆಗೆ ನೊವೆನಾ

"೨೦೨೨ ನವೆಂಬರ್ ಹದಿನಾಲ್ಕು, ಸೋಮವಾರ. ಹಲೀಮಾಳ ಫೋನ್. ಸಂಜೆ ನಾಲ್ಕು ಹತ್ತಕ್ಕೆ ಶುರು, ನಾಲ್ಕು ಮೂವತ್ತೊಂದಕ್ಕೆ ಮುಗಿಯಿತು." ಓದಿದೆನಲ್ಲ, ಸಾಕಾ? ನಗುವುದಾದರೆ ನಗಿ ಮಾರಾಯ್ರೆ. ಲೂರ್ಡ್ಸ್ ಗಂಡನ ಫೋನಿಗೆ ಗಡಿಯಾರ ಹಿಡಿದು ಕೂತಿದ್ದಳು ಅಂತ. ಹೌದು, ಕೂತಿದ್ದೆ.

ಘಾಲಾ ಪೇಟೆಗೆ ಹೋಗಿ ಬಂದವರು ಚಪ್ಪಲಿ ಕೂಡ ಬಿಚ್ಚದೆ ಆ ವರ್ಷದ ಡೈರಿ ಕೊಡು ಅಂದಿರಿ. ಅಲ್ಲಿ ಹಲೀಮಾಳ ತಮ್ಮ ಸಿಕ್ಕಿದನಂತೆ. ಏನು ಹೇಳಿದ? ...ಆಯಿತು, ಹೇಳಬೇಡಿ.

ನಾನೇನು ಅವಳನ್ನು ಕೆಟ್ಟವಳು ಅಂದೆನಾ? ಇಲ್ಲಿ ಮಸ್ಕತ್‌ನಲ್ಲಿ ನರ್ಸ್ ಆಗಿದ್ದಳು, ಆ ಆಸ್ಪತ್ರೆಯ ಜನರೇಟರ್ ನೀವು ನೋಡಿಕೊಳ್ಳುತ್ತಿದ್ದಿರಿ. ರಿಟೈರ್ ಆಗಿ ಹುಟ್ಟಿದ ಊರು ಜಾಂಜಿಬಾರ್‌ಗೆ ಹೋಗಿ ಮಕ್ಕಳ ಕ್ಲಿನಿಕ್ ತೆರೆದಳು. ಒಳ್ಳೆಯದೇ. ಆದರೆ ಆ ದ್ವೀಪಕ್ಕೆ ಕರೆಂಟು ಬರುವುದು ಸಮುದ್ರದ ತಳದ ಕೇಬಲ್ಲಿನಲ್ಲಿ, ಆಚೆ ದಡದಿಂದ, ತಾಂಜಾನಿಯಾದ ಮುಖ್ಯ ಭೂಭಾಗದಿಂದ. ಅಲ್ಲಿ ಮಳೆ ಕೈಕೊಟ್ಟು ಅಣೆಕಟ್ಟು ಬತ್ತಿದರೆ ಇವಳ ಲಸಿಕೆಯ ಫ್ರಿಜ್ಜು ಬಿಸಿಯಾಗುತ್ತದೆ. ಅವಳ ಹಳೆಯ ಜನರೇಟರೋ, ಆಲ್ಫ್ರೆಡ್ ಸರ್ ನೀವು ಮಸ್ಕತ್‌ನಿಂದ ಹೇಳಿಕೊಡದೆ ಶುರುವೇ ಆಗುವುದಿಲ್ಲ.

"ಪೋಲೆ ಪೋಲೆ ಹಲೀಮಾ, ಚೋಕ್ ಎಳಿ, ಈಗ ಇಪ್ಪತ್ತು ಎಣಿಸಿ." ಪೋಲೆ ಪೋಲೆ ಅಂದರೆ ನಿಧಾನ ಅಂತೆ. ನಾನು ಬಂಗುಡೆ ಕೊಯ್ಯುವಾಗಲೂ ಪೋಲೆ ಪೋಲೆ ಅಂದಿರಿ, ನೆನಪಿದೆಯಾ? ಭೌತಶಾಸ್ತ್ರದಲ್ಲಿ ಬಿ.ಎಸ್ಸಿ., ಫಸ್ಟ್ ಕ್ಲಾಸ್ ನಾನು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಫ್ಯೂಸ್ ಹಾಕಲು ನನ್ನನ್ನು ಬಿಟ್ಟದ್ದಿಲ್ಲ. ಅವಳಿಗೆ ಮಾತ್ರ ಫೋನಿನಲ್ಲೇ ಪಾಠ.

ನಾನು ನೊವೆನಾ ಹಿಡಿದದ್ದು ನಿಮಗೆ ಗೊತ್ತಿಲ್ಲ. ಒಂಬತ್ತು ದಿನ ಇಗರ್ಜಿಗೆ ಹೋಗಿ ಮೊಣಕಾಲೂರಿ ತಾಂಜಾನಿಯಾಕ್ಕೆ ಮಳೆ ಬೇಡಿದೆ. ಪಕ್ಕದಲ್ಲಿದ್ದ ಐಡಾ ಕೇಳಿದಳು, "ಅಲ್ಲಿ ನಿಮ್ಮವರು ಯಾರಿದ್ದಾರೆ ಲೂರ್ಡ್ಸ್ ಬಾಯಿ?" ಕಣ್ಣು ಮುಚ್ಚಿ ಜಪಸರ ಎಣಿಸಿದೆ. ಅಣೆಕಟ್ಟು ತುಂಬಿದರೆ ಅವಳಿಗೆ ಕರೆಂಟು, ನನಗೆ ಗಂಡ. ನೀರಿನ ಮಟ್ಟವನ್ನೂ ಹುಡುಕಿ ಬರೆದಿಟ್ಟಿದ್ದೇನೆ, ಇಲ್ಲಿ, ಅಂಚಿನಲ್ಲಿ. ದಿನಾ ಇಳಿಯುತ್ತಲೇ ಹೋಯಿತು...

ಮುಂದೆ ಓದಬೇಕಾ? ಹದಿನೈದು, ಹತ್ತೊಂಬತ್ತು ನಿಮಿಷ. ಹದಿನಾರು, ಇಪ್ಪತ್ತೆರಡು. ಹದಿನೇಳು... ಅವತ್ತು ಫೋನ್ ಬರಲಿಲ್ಲ. ಬಂದಿದ್ದರೆ ಬರೆಯುತ್ತಿರಲಿಲ್ಲವಾ? ನೀವು ಕೆಲಸಕ್ಕೆ ವಾದಿ ಅದಾಯ್ ಕಡೆ ಹೋಗಿದ್ದಿರಿ, ಫೋನ್ ಮನೆಯಲ್ಲೇ ಮರೆತು... ಪುಟದ ಮೇಲಿನ ಬೆರಳು ತೆಗೆಯಿರಿ. ಮರೆತಿರಲಿಲ್ಲ ಅಂತೀರಾ? ಅನ್ನಿ ಹಾಗಾದರೆ. ಬೈಯಿರಿ. ಏನಾದರೂ ಅನ್ನಿ.

...ಅವಳ ತಮ್ಮ ಹೇಳಿದ್ದಾನೆ, ಅಲ್ಲವಾ?

ಫೋನ್ ನಾನೇ ತೆಗೆದಿಟ್ಟೆ. ತಲೆದಿಂಬಿನ ಕೆಳಗೆ. ಹನ್ನೊಂದು ಸಲ ಹೊಡೆದುಕೊಂಡಿತು. ಹನ್ನೊಂದನ್ನೂ ಅಳಿಸಿ, ಅವಳ ನಂಬರ್ ಬ್ಲಾಕ್ ಮಾಡಿದೆ. ಹಲೀಮಾ ಫೋನೇ ಮಾಡುತ್ತಿಲ್ಲವಲ್ಲ ಅಂತ ನೀವು ಕೇಳಿದಾಗ, ಅಲ್ಲಿ ಮಳೆ ಬಂತಂತೆ ಅಂದೆ. ನೀವು ಮಾಡಿದಾಗ ಅವಳು ಎತ್ತಲಿಲ್ಲ. ಯಾಕೆ ಎತ್ತಬೇಕು?

ಮುಂದಿನ ಜನವರಿಯಲ್ಲಿ ಅವಳ ತಮ್ಮ ಇಲ್ಲಿಗೆ ಬಂದಿದ್ದ. ನೀವು ಇರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ. ಬರೆದಿಟ್ಟಿಲ್ಲ, ಆದರೆ ಒಂದಕ್ಷರವೂ ಮರೆತಿಲ್ಲ. ಅವತ್ತು ಹೋದ ಕರೆಂಟು ಮೂರನೇ ದಿನ ಬಂತು. ನೂರ ನಲವತ್ತು ಮಕ್ಕಳ ಲಸಿಕೆ ಎಸೆದರು. ಹೊಸದು ಬರಲು ಏಳು ವಾರವಾಯಿತು. ಅಷ್ಟರಲ್ಲಿ ಹಳ್ಳಿಯ ಒಂಬತ್ತು ಮಕ್ಕಳಿಗೆ ದಡಾರ ಬಂತು. ಎಂಟು ಮಕ್ಕಳು ಗುಣವಾದರು. ಒಂಬತ್ತನೆಯವಳಿಗೆ ಎರಡು ವರ್ಷ, ಎರಡೂ ಕಣ್ಣು ಹೋಯಿತು. ಕ್ಲಿನಿಕ್ ಮುಚ್ಚಿತು.