ಅಬ್ದೋನ್ ಬಿಟ್ಟುಹೋದ ಕಂಬಿಗಳು

ಇದು ನಮ್ಮ ಚಿಕ್ಕಮ್ಮನ ಮಗ ನಜಾರಿಯೋಗೆ ಆದದ್ದು. ಲಿಮಾದ ದಕ್ಷಿಣಕ್ಕೆ, ಮರಳುಗುಡ್ಡದ ಮೇಲಿನ ನಮ್ಮ ಕೇರಿಯಲ್ಲೇ. ಸತ್ತವರ ಹಬ್ಬದ ರಾತ್ರಿ ಅವನು ಒಬ್ಬನೇ ಮೆಟ್ಟಿಲು ಹತ್ತಿ ಮನೆಗೆ ಬರುತ್ತಿದ್ದ. ಎಂಥ ಮಂಜು ಅಂದರೆ... ನೀರಿನ ತೊಟ್ಟಿಯ ಪಕ್ಕ ಆಲದಂಥ ದೊಡ್ಡ ಮರ ಇದೆಯಲ್ಲ, ಅದು ಕೈಗೆ ತಾಗಿದ ಮೇಲೇ ಮರ ಅಂತ ಗೊತ್ತಾಗಿದ್ದು. ಮೇಲಿನಿಂದ ಸದ್ದು ಕೇಳಿಸಿತು. ಟಪ್... ಟಪ್... ಟಪ್.

ಆ ಸದ್ದು ಅವನಿಗೆ ಹೊಸದೇನಲ್ಲ. ಅವನ ಮನೆಯ ತಾರಸಿಯ ನಾಲ್ಕು ಮೂಲೆಯಲ್ಲೂ ಕಂಬದ ಕಂಬಿಗಳು ಮೇಲಕ್ಕೆ ಚಾಚಿಕೊಂಡಿದ್ದವು. ನಮ್ಮಲ್ಲಿ ಎಲ್ಲರೂ ಹಾಗೇ ಬಿಡುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಹೊಸ ಕಂಬಿಯನ್ನು ಆ ಹಳೆಯದಕ್ಕೆ ಕಟ್ಟಿ ಮಹಡಿ ಎಬ್ಬಿಸಬಹುದು ಅಂತ. ತುಕ್ಕು ಹಿಡಿಯಬಾರದಲ್ಲ, ಅದಕ್ಕೆ ತುದಿಗೆ ಖಾಲಿ ಪ್ಲಾಸ್ಟಿಕ್ ಸೋಡಾ ಬಾಟಲಿ ಬೋರಲು ಹಾಕಿರುತ್ತಾರೆ. ಗಾಳಿಗೆ ಆ ಬಾಟಲಿ ಕಂಬಿಗೆ ಬಡಿಯುತ್ತದೆ. ಅಷ್ಟೇ, ಹೆದರುವಂಥದ್ದೇನೂ ಇಲ್ಲ.

ಆದರೆ ಆ ಕಂಬಿ ನಿಲ್ಲಿಸಿದವನು ನಜಾರಿಯೋ ಅಲ್ಲ. ಅವನ ಹೆಂಡತಿ ಫೋರ್ತುನಾತಾಳ ಮೊದಲ ಗಂಡ, ಅಬ್ದೋನ್. ಎದೆರೋಗದಲ್ಲಿ ತೀರಿಕೊಂಡವನು. ಬದುಕಿದ್ದಾಗ ಅಬ್ದೋನ್ ಕಂಬಿ ಕೆಲಸದ ಮೇಸ್ತ್ರಿ, ನಜಾರಿಯೋ ಅವನ ಕೈಕೆಳಗೆ ಕಂಬಿ ಕತ್ತರಿಸಿಕೊಡುತ್ತಿದ್ದವನು. ಈಗ ಮೇಸ್ತ್ರಿಯ ಮನೆಯಲ್ಲೇ ಇದ್ದ, ಮೇಸ್ತ್ರಿಯ ಮಂಚದಲ್ಲೇ ಮಲಗುತ್ತಿದ್ದ. ಆದರೂ ಕೇರಿಯ ಬಾಯಲ್ಲಿ ಅದು ಇನ್ನೂ ಅಬ್ದೋನ್ ಮನೆಯೇ.

ಅವತ್ತು ಬೆಳಿಗ್ಗೆ ಫೋರ್ತುನಾತಾ ಹಂದಿಮಾಂಸ ಹುರಿಯುತ್ತಿದ್ದಳು. ಅಬ್ದೋನ್ ಸಮಾಧಿಗೆ. ರಾತ್ರಿಯೆಲ್ಲ ತನ್ನ ಅಕ್ಕನ ಜೊತೆ ಅಲ್ಲೇ ಕೂತು, ಅವನ ಪಾಲಿನ ಬಿಯರನ್ನು ಮಣ್ಣಿಗೆ ಸುರಿದು ಬರಬೇಕು. ಆ ಘಮ ನಜಾರಿಯೋನ ಹೊಟ್ಟೆಯಲ್ಲಿ ಕಿಚ್ಚು ಹಚ್ಚಿತ್ತು.

"ನನಗೆ ಯಾವತ್ತಾದ್ರೂ ಇಷ್ಟು ಹದವಾಗಿ ಹುರಿದಿದೀಯಾ?"

"ನೀನು ಸಾಯಿ, ಹುರೀತೀನಿ," ಅಂದು ಅವಳು ನಕ್ಕಳು. ಆಮೇಲೆ, "ವರ್ಷ ತಿರುಗೋದ್ರೊಳಗೆ ಮಹಡಿ ಎಬ್ಬಿಸೋಣ. ನಾವು ಮೇಲಿರೋಣ, ಕೆಳಗೆ ಊಟದಂಗಡಿ. ಬೀದೀಲಿ ಪಾತ್ರೆ ಇಟ್ಕೊಂಡು ಕೂತು ನನ್ನ ಸೊಂಟ ಬಿದ್ದುಹೋಯ್ತು."

"ಕಂಬ ಬೇರೆ ಹಾಕ್ತೀನಿ."

"ಯಾಕೆ? ಅಬ್ದೋನ್ ಬಿಟ್ಟಿರೋ ಕಂಬಿ ಗಟ್ಟಿಯಾಗಿದೆ. ಅದಕ್ಕೇ ಕಟ್ಟು."

ಸಂಜೆ ಕೆಳಗಿನ ಮನೆಯ ಮೆಲ್ಚೋರಾ ಅಜ್ಜಿ ಬೇರೆ ಕೆಣಕಿದ್ದಳು. "ಏನಪ್ಪಾ, ಹೆಂಡ್ತಿ ಗಂಡನ ಹತ್ರ ಹೋದ್ಲಾ?"

"ಅವಳ ಗಂಡ ನಾನು, ಅಜ್ಜಿ."

"ಹೂಂ, ನೀನೂ ಹೌದು."

ಆ "ನೀನೂ" ಅವನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮನೆಗೆ ಬಂದವನು ದೀಪ ಹಚ್ಚಲಿಲ್ಲ. ನೇರ ತಾರಸಿಗೆ ಹೋದ. ಇವತ್ತು ಆ ಕಂಬಿಗಳನ್ನೆಲ್ಲ ಬುಡದಲ್ಲೇ ಕತ್ತರಿಸಿಬಿಡಬೇಕು...

ಗ್ಯಾಸಿನ ಬೆಂಕಿಯಲ್ಲಿ ಸುಡೋಣ ಅಂದರೆ ಬೆಳಕು ಗುಡ್ಡಕ್ಕೆಲ್ಲ ಕಾಣುತ್ತದೆ. ಚಾಣ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಠಣ್ ಠಣ್ ಅಂತ ಕೇರಿ ಎದ್ದು ಕೂರುತ್ತದೆ. ಉದ್ದ ಹಿಡಿಯ ಕತ್ತರಿ ಇತ್ತು. ಅದು ಕಂಬಿಗೆ ಸುತ್ತುವ ಸಣ್ಣ ರಿಂಗುಗಳನ್ನು ಕತ್ತರಿಸೀತೇ ಹೊರತು ಕಂಬದ ದಪ್ಪ ಕಂಬಿಗೆ ಹಲ್ಲಿನ ಗುರುತು ಮಾತ್ರ ಬೀಳುತ್ತದೆ. ಉಳಿದದ್ದು ಹ್ಯಾಕ್ಸಾ, ಕಬ್ಬಿಣ ಕೊಯ್ಯುವ ಕೈಗರಗಸ. ಕಂಬಿ ಗುಂಯ್‌ಗುಡದಿರಲಿ ಅಂತ ಹಳೇ ಬಟ್ಟೆ ಸುತ್ತಿದ, ಬ್ಲೇಡಿಗೆ ಎಣ್ಣೆ ಸವರಿದ, ಶುರು ಮಾಡಿದ.

ಕರ್... ಕರ್... ಕರ್...

ಬ್ಲೇಡು ಜಾರುತ್ತಿತ್ತು, ಕಚ್ಚುತ್ತಿರಲಿಲ್ಲ. ಅಷ್ಟರಲ್ಲಿ ಎದುರು ಮೂಲೆಯಿಂದ ಇನ್ನೊಂದು ಸದ್ದು. ಸರ್... ಸರ್... ಸರ್... ಇವನದಕ್ಕಿಂತ ನಯ. ನಜಾರಿಯೋ ಕೈ ನಿಲ್ಲಿಸಿದ. ಆ ಸದ್ದು ಒಂದು ಸಲ ಹೆಚ್ಚಿಗೆ ಎಳೆದು... ಆಮೇಲೆ ನಿಂತಿತು.

ಮಂಜಿನೊಳಗಿಂದ ಪಿಸುದನಿ. "ಬ್ಲೇಡು ಉಲ್ಟಾ ಹಾಕಿದೀಯಲ್ಲೋ."

ನಜಾರಿಯೋ ಬೆರಳಾಡಿಸಿ ನೋಡಿದ. ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಯಾಕೆಂದರೆ ಅದು ತಳ್ಳುವಾಗ ಕತ್ತರಿಸುತ್ತದೆ, ಎಳೆಯುವಾಗಲ್ಲ. ಇವನ ಬ್ಲೇಡಿನ ಹಲ್ಲು ಇವನ ಕಡೆಗೇ ತಿರುಗಿತ್ತು.

"ಮೇಸ್ತ್ರಿ...?"

"ನೀನು ಆಗಲೂ ಹಂಗೇ ಹಾಕ್ತಿದ್ದೆ."

ಬೇರೆ ಯಾರೇ ಆಗಿದ್ದರೂ ಓಡುತ್ತಿದ್ದರು. ನಜಾರಿಯೋಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಸತ್ತ ಮೇಲೂ ಬುದ್ಧಿ ಹೇಳುತ್ತಾನಲ್ಲ ಅಂತ. ಬ್ಲೇಡು ತಿರುಗಿಸಿ ಹಾಕಿದ, ಅರ್ಧದವರೆಗೆ ಕೊಯ್ದ, ಮೇಲಿಂದ ಪೈಪು ತೂರಿಸಿ ಎಳೆದ. ಟಕ್ ಅಂತ ಕಂಬಿ ಮುರಿಯಿತು.

ಮುರಿದ ತುಂಡು ಕೈಗೆ ಬಂದಾಗಲೇ ಅವನಿಗೆ ಫೋರ್ತುನಾತಾಳ ಸೊಂಟದ ನೋವು ನೆನಪಾದದ್ದು. ಬುಡದಲ್ಲಿ ಕತ್ತರಿಸಿದರೆ ಹೊಸ ಕಂಬಿ ಕಟ್ಟುವುದಕ್ಕೆ ಏನೂ ಉಳಿಯುವುದಿಲ್ಲ. ಮಹಡಿಯೂ ಇಲ್ಲ, ಅಂಗಡಿಯೂ ಇಲ್ಲ. ಹ್ಯಾಕ್ಸಾ ಕೆಳಗಿಟ್ಟ.

"ಮೇಸ್ತ್ರಿ," ಪಿಸುಗುಟ್ಟಿದ. "ಇದೊಂದೇ. ಇನ್ನು ಕತ್ತರಿಸಲ್ಲ. ಅವಳಿಗೆ ಮಹಡಿ ಬೇಕಂತೆ. ನಿಮ್ಮ ಕಂಬಿಗೇ ಕಟ್ತೀನಿ."

ಈ ಸಲ ಆ ಪಿಸುದನಿ ಕಿವಿಯ ಹತ್ತಿರವೇ:

"ನನ್ನ ಕಂಬಿಗೆ ನಿನ್ನ ಕಂಬಿ ಕಟ್ಟಬೇಡ."

ಸರ್... ಸರ್... ಸರ್... ಈಗ ನಾಲ್ಕೂ ಮೂಲೆಯಿಂದ. ಒಂದೊಂದೇ ಬಾಟಲಿ ತಾರಸಿಯ ಮೇಲೆ ಬಿದ್ದು ಡೊಳಡೊಳ ಉರುಳಿತು. "ಬೇಡ ಮೇಸ್ತ್ರಿ, ಅವಳಿಗೋಸ್ಕರ ಬಿಡಿ," ಅಂತ ಇವನು ಅಂಗಲಾಚಿದ. ನಿಲ್ಲಲಿಲ್ಲ. ಬೆಳಗಾಗುವವರೆಗೂ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ಕೂತ.

ಫೋರ್ತುನಾತಾ ಬಂದು ನೋಡಿದಾಗ ಒಂದು ಕಂಬಿಯೂ ನಿಂತಿರಲಿಲ್ಲ. ಅವಳು ಬಗ್ಗಿ ಪ್ರತಿಯೊಂದು ಮೋಟನ್ನೂ ಹೆಬ್ಬೆರಳಿನಿಂದ ಸವರಿದಳು. ಒಂದು ಸೊಟ್ಟಗೆ, ಚೂಪಾಗಿ, ಮುರಿದ ಹಾಗಿತ್ತು. ಉಳಿದವೆಲ್ಲ ಒಂದೇ ಮಟ್ಟಕ್ಕಿದ್ದವು, ಅಂಚನ್ನು ಅರದಿಂದ ಉಜ್ಜಿದಷ್ಟು ನಯ. ಹಾಗೆ ಉಜ್ಜುತ್ತಿದ್ದವನು ಇಡೀ ಗುಡ್ಡಕ್ಕೆ ಒಬ್ಬನೇ. ಯಾರ ಕೈಗೂ ತರಚಬಾರದು ಅಂತ.

"ಇದೊಂದು ನಿಂದು," ಅಂದಳು.

"ಹೂಂ."

ಉಳಿದದ್ದು ಯಾರದ್ದು ಅಂತ ಅವಳು ಕೇಳಲೇ ಇಲ್ಲ.

"ಮಹಡಿ ಬೇಕಾಗಿದ್ದು ನನಗೆ," ಅಂದಳು. "ನಿಮ್ಮಿಬ್ಬರಲ್ಲಿ ಒಬ್ಬನಿಗೂ ಅದು ಕಾಣಲಿಲ್ಲ."

ಆ ವಾರವೇ ಒಲೆ, ಪಾತ್ರೆ ಹೊತ್ತುಕೊಂಡು ಅಕ್ಕನ ಮನೆಗೆ ಹೋದಳು. ಸಮಾಧಿಗೂ ಮತ್ತೆ ಹೋಗಲಿಲ್ಲ. ನಜಾರಿಯೋ ಈಗಲೂ ಆ ಮನೆಯಲ್ಲೇ ಇದ್ದಾನೆ, ಒಬ್ಬನೇ.

ಅವನೇ ಎಲ್ಲ ಕತ್ತರಿಸಿ ಕತೆ ಕಟ್ಟಿದ ಅನ್ನುವವರಿದ್ದಾರೆ. ಮಾರನೆಯ ಬೆಳಿಗ್ಗೆ ನಾನೂ ತಾರಸಿ ಹತ್ತಿದ್ದೆ, ಕಣ್ಣಾರೆ ನೋಡಿದ್ದೇನೆ. ಕಬ್ಬಿಣ ಕೊಯ್ದ ಕಡೆ ಬೂದು ಪುಡಿ ಬೀಳಲೇಬೇಕು. ಆ ಸೊಟ್ಟ ಮೋಟಿನ ಬುಡದಲ್ಲಿ ಒಂದು ಚಿಟಿಕೆಯಷ್ಟು ಬಿದ್ದಿತ್ತು. ಉಳಿದವುಗಳ ಬುಡದಲ್ಲಿ ಕೈಯಾಡಿಸಿದೆ... ಒಂದು ಕಣವೂ ಇರಲಿಲ್ಲ.