ಮೊದಲು ಯಾವ ಫೈಲು

ಆಸ್ಪತ್ರೆಯ ವಾರ್ಡಿನೊಳಗೆ ಒಮ್ಮೆಗೆ ಒಬ್ಬರನ್ನೇ ಬಿಡುತ್ತಿದ್ದರು. ಹಾಗಾಗಿ ಗಡ್ಡದವನು ಹೊರಗೆ, ಯಾರೋ ಒಬ್ಬ ಅಜ್ಜಿ ಕೂತಿದ್ದ ಬೆಂಚಿನಲ್ಲೇ ಕಾಯುತ್ತಿದ್ದ. ಕುತ್ತಿಗೆಗೆ ಆಫೀಸಿನ ಕಾರ್ಡು ಹಾಕಿಕೊಂಡಿದ್ದ ಅವನ ಸಹೋದ್ಯೋಗಿ ತಮ್ಮ ಹಿರಿಯ ಅಧಿಕಾರಿಯನ್ನು ನೋಡಿ ಹೊರಬಂದಳು. ಅಜ್ಜಿ ಸರಿದು ಜಾಗ ಕೊಟ್ಟಳು.

“ಸರ್ ಮಾತಾಡಿದ್ರಾ, ಅಕ್ಕ?”

“ಎಲ್ಲಿಯ ಮಾತು. ಲಕ್ವ ಹೊಡೆದಾಗಲೇ ನಾಲಿಗೆ ನಿಂತುಹೋಯ್ತಂತೆ.”

“ನಮ್ಮ ಸಾಫ್ಟ್‌ವೇರಿನದು ನಲವತ್ತು ಸಾವಿರ ಕೋಡ್ ಫೈಲು. ತಪ್ಪನ್ನ ಎಲ್ಲಿಂದ ಹುಡುಕು ಅಂತ ಎಐಗೆ ಹೇಳೋಕೆ ಅವರೊಬ್ಬರಿಗೇ ಗೊತ್ತಿತ್ತು.”

“ಬರೆದಿಡಿ ಅಂತ ಬಡ್ಕೊಂಡೆ. ‘ನಾನಿದ್ದೀನಲ್ಲಮ್ಮ’ ಅನ್ನೋರು.”

“ಈಗ ಆ ಎಐ ಸಿಕ್ಕಿದ್ದೆಲ್ಲ ಓದುತ್ತೆ. ತಪ್ಪಿರೋ ಜಾಗ ಮುಟ್ಟೋಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತೆ. ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.”

“ಸೋಮವಾರದೊಳಗೆ ತಪ್ಪು ಸಿಗದಿದ್ರೆ ನಮ್ಮ ವಿಭಾಗಕ್ಕೆ ಬೀಗ. ಸಿಗಲ್ಲ ಬಿಡು.”

“ಸರ್‌ಗೆ ಫೈಲುಗಳ ಪಟ್ಟಿ ತೋರಿಸಿದ್ರಾ?”

“ಕಣ್ಣೆದುರಿಗೇ ಹಿಡಿದೆ. ಮೊದಲು ಯಾವುದು ತೆಗೀಲಿ ಸರ್ ಅಂದೆ. ಕಷ್ಟಪಟ್ಟು ಬೆರಳೆತ್ತಿದ್ರು.”

“ಯಾವುದರ ಕಡೆಗೆ?”

“ಹಾಸಿಗೆ ಪಕ್ಕದ ಸ್ಟೂಲಿನ ಕಡೆಗೆ. ಕೂತ್ಕೋ ಅಂತ.”



“ಕೂತ್ರಾ?”

“ಪಟ್ಟಿ ಮಡಚಿಟ್ಟು ಕೂತೆ. ನೀನೂ ಹೋಗಿ ಒಂದು ಗಳಿಗೆ ಕೂತು ಬಾ. ಏನೂ ಕೇಳಬೇಡ.”

ಬರೆದುಕೊಳ್ಳಲೆಂದು ತಂದಿದ್ದ ಪೆನ್ನನ್ನು ಅವಳ ಕೈಗೆ ಕೊಟ್ಟು ಅವನು ಒಳಗೆ ಹೋದ. ಅವಳು ಲಿಫ್ಟಿನ ಕಡೆ ನಡೆದಳು.