ಮೆಲ್ಲಗೆ ಹಾಡಬೇಕಂತೆ

ಒಂದಾನೊಂದು ಊರಿನಲ್ಲಿ ಒಬ್ಬರು ಅತ್ತಿಗೆ, ಒಬ್ಬಳು ನಾದಿನಿ; ಇಬ್ಬರೂ ಕಾಯಿರ್ ಎಂಬ ಚರ್ಚಿನ ಹಾಡುಗಾರರ ತಂಡದವರು. ಲುಥೆರನ್ ಚರ್ಚಿನಲ್ಲಿ ಈಸ್ಟರಿಗೆ ಮುಂಚೆ ಇಷ್ಟವಾದದ್ದೊಂದನ್ನು ಬಿಟ್ಟು ವ್ರತ ಹಿಡಿಯುವ ಲೆಂಟ್ ಕಾಲದ ಸಂಜೆ ಆರಾಧನೆ ಮುಗಿಸಿ, ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕವೇ ಕೂತಿದ್ದರು.

"ಈ ಲೆಂಟಿಗೆ ಏನು ಬಿಟ್ಟಿದ್ದೀಯೇ?" ಅತ್ತಿಗೆ ಕೇಳಿದರು.

"ಸಿಹಿ. ನೀವು?"

"ಇನ್ನೊಬ್ಬರನ್ನ ದೂರೋದು."

"ಪಾದ್ರಿಗಳ ಪ್ರಸಂಗ ಮುಗಿಯೋದೇ ಇಲ್ಲ ಅಂದ್ರಲ್ಲ ಈಗ?"

"ಅದು ದೂರಲ್ಲ ಕಣೇ, ಸುದ್ದಿ."

ನಾದಿನಿ ಹಾಡಿನ ಪುಸ್ತಕದ ಅಂಚನ್ನು ಸವರಿದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಿಮಗೆ ಹೇಳ್ತೀನಿ ಅಂತ ನಮ್ಮ ಕಾಯಿರ್ ನಡೆಸೋ ಆರ್ಗನ್ ಮಾಸ್ಟರಿಗೆ ಮಾತು ಕೊಟ್ಟಿದ್ದೆ. ಗುಡ್ ಫ್ರೈಡೇಗೆ ನೀವು ಮೆಲ್ಲಗೆ ಹಾಡ್ಬೇಕಂತೆ. ಇಲ್ಲಾಂದ್ರೆ ಕಾಯಿರ್‌ನಲ್ಲಿ ಜಾಗ ಇಲ್ವಂತೆ."

ಅತ್ತಿಗೆ ನಾದಿನಿಯ ಕಡೆ ತಿರುಗಿದರು.

"ನಿನಗೂ ಇದನ್ನೇ ಹೇಳು ಅಂತ ಮಾಸ್ಟರು ನನ್ನ ಹತ್ರ ಮಾತು ತಗೊಂಡಿದ್ದಾರೆ ಕಣೇ. ನೊಂದ್ಕೋತೀಯ ಅಂತ ನುಂಗ್ಕೊಂಡಿದ್ದೆ."

ಬಸ್ಸು ಬಂತು. ಸಂಜೆಯ ಕೀರ್ತನೆಯನ್ನೇ ಗುನುಗುತ್ತ ಇಬ್ಬರೂ ಹತ್ತಿದರು, ಒಬ್ಬರಿಗಿಂತ ಒಬ್ಬರು ಮೆಲ್ಲಗೆ.